ಒಂದು ಕೋಟು ಒಣಗುವವರೆಗೆ

ನಮ್ಮವರು ಗೋಡೆಗೆ ಬಣ್ಣ ಬಳಿಯುವವರು. ಮೂವತ್ತು ವರ್ಷ ಅದೇ ಕೆಲಸ. ಇಪ್ಪತ್ತೆರಡರ ವಯಸ್ಸಿನಲ್ಲಿ ಏಣಿಯಿಂದ ಬಿದ್ದಾಗ ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟಿದ್ದರಂತೆ. ಯಾರೋ ಪುಣ್ಯಾತ್ಮರು ರಕ್ತದ ಜೊತೆಗೆ ಹೆಪಟೈಟಿಸ್ ಬಿ, ಸಿ ಎರಡನ್ನೂ ದಾನ ಮಾಡಿರಬೇಕು ಎಂದರು ಡಾಕ್ಟರು. ಅದು ಗೊತ್ತಾಗಿದ್ದು ಇವರಿಗೆ ಐವತ್ತೊಂದಾದಾಗ. ಅಲ್ಲಿಯವರೆಗೆ ಎರಡೂ ಇವರ ಲಿವರಿನಲ್ಲಿ ಆರಾಮಾಗಿ ಸಂಸಾರ ಮಾಡಿಕೊಂಡಿದ್ದವು.

ಡಾಕ್ಟರು ಎರಡು ಡಬ್ಬಿ ಮಾತ್ರೆ ಮೇಜಿನ ಮೇಲಿಟ್ಟರು.

"ಇದು ಸಿಗೆ, ಮೂರು ತಿಂಗಳು. ಇದು ಬಿಗೆ, ನಾನು ಸಾಕು ಅನ್ನೋವರೆಗೆ. ಎರಡೂ ಒಟ್ಟಿಗೆ ಶುರು ಮಾಡಿ. ಸಿ ಇರೋದಕ್ಕೇ ಬಿ ತಣ್ಣಗಿದೆ. ಸಿ ಹೋದ್ರೆ ಬಿ ತಲೆ ಎತ್ತುತ್ತೆ."

ಇವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಮನೆಗೆ ಬಂದವರೇ ಬಿ ಡಬ್ಬಿಯನ್ನು ಬ್ರಷ್ ಇಡುವ ಕಪಾಟಿಗೆ ಸೇರಿಸಿದರು.

"ರೀ, ಒಟ್ಟಿಗೆ ಅಂದ್ರಲ್ಲ."

"ಡಾಕ್ಟರು ಯಾವತ್ತಾದ್ರೂ ಗೋಡೆ ಬಳಿದಿದ್ದಾರೇನೇ? ಒಂದು ಕೋಟು ಒಣಗೋ ಮುಂಚೆ ಇನ್ನೊಂದು ಹಾಕಿದ್ರೆ ಎರಡೂ ಸುಲಿದು ಬರುತ್ತೆ. ಮೊದಲು ಸಿ ಮುಗೀಲಿ, ಆಮೇಲೆ ಬಿ."

"ಲಿವರ್ ಏನು ಗೋಡೆನಾ?"

"ನಾಲ್ಕನೇ ಕ್ಲಾಸು ಓದಿದವಳು ನನಗೆ ಹೇಳ್ತಾಳೆ."

"ನೀವು ಐದು. ಮಹಾಪಂಡಿತರು."

ನಕ್ಕರು. ಡಬ್ಬಿ ಮಾತ್ರ ಕಪಾಟಿನಲ್ಲೇ ಉಳಿಯಿತು.

ಎರಡನೇ ತಿಂಗಳು ರಕ್ತ ನೋಡಿ ಡಾಕ್ಟರು ಖುಷಿಪಟ್ಟರು. ಸಿ ಕಾಣಿಸುತ್ತಲೇ ಇಲ್ಲವಂತೆ.

"ಬಿ ಮಾತ್ರೆ ತಗೊಳ್ತಿದ್ದೀರಲ್ಲ?"

"ದಿನಾ ಸಾರ್. ಊಟ ಬಿಟ್ಟರೂ ಅದು ಬಿಡಲ್ಲ."

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಹೊರಗಿನವರೆದುರು ಗಂಡನನ್ನು ಸುಳ್ಳುಗಾರ ಮಾಡಬಾರದಲ್ಲ. ಮರ್ಯಾದಸ್ಥೆ ನಾನು. ಚೀಲದ ಹಿಡಿಯನ್ನು ನೋಡುತ್ತ ಕೂತೆ.

ಮೂರನೇ ತಿಂಗಳು ಮುಗಿಯುವಷ್ಟರಲ್ಲಿ ಕಣ್ಣು ಹಳದಿಯಾಯಿತು. ಸುಣ್ಣದ ಧೂಳು ಎಂದರು. ಅನ್ನ ಸೇರಲಿಲ್ಲ. ಸೆಖೆ ಎಂದರು. ಹಿಡಿದ ಕೋಣೆ ಮುಗಿಸಲು ಏಣಿ ಹತ್ತಿದವರು ಇಳಿಯಲಾರದೆ ಕೂಗಿದರು. ಇಬ್ಬರು ಹಿಡಿದು ಇಳಿಸಿದರು, ಆಸ್ಪತ್ರೆಗೆ ಸೇರಿಸಿದೆವು. ಆಗ ನಾನು ಬಾಯಿ ಬಿಟ್ಟೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿ ಮಾತ್ರೆ ಅಂದೇ ಶುರು ಮಾಡಿಸಿದರು. ಲಿವರ್ ಅಷ್ಟರಲ್ಲಿ ಕೈಬಿಟ್ಟಿತ್ತು.

ವಾರ್ಡಿನ ಗೋಡೆ ನೋಡುತ್ತ ಮಲಗಿದ್ದರು.

"ಯಾರೇ ಬಳಿದಿದ್ದು ಇದನ್ನ? ಬುಡದಲ್ಲೆಲ್ಲ ಬಣ್ಣ ಎದ್ದಿದೆ."

"ನಿಮ್ಮಂಥ ಇನ್ನೊಬ್ಬ ಬುದ್ಧಿವಂತ."

ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಅವತ್ತು ಡಾಕ್ಟರ ಮುಂದೆ ನೀನು ಹೇಳಿದ್ದಿದ್ರೆ ಜಗಳ ಆಡ್ತಿದ್ದೆ ನಾನು."

"ಆಡಬೇಕಿತ್ತು."

"ಹೂಂ," ಎಂದರು.

ಹನ್ನೊಂದನೇ ದಿನ ಹೋದರು.

ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಹಳೇ ಪಟ್ಟಿ ನೋಡಿಕೊಂಡು ಫೋನ್ ಮಾಡಿದಳು. "ಅಮ್ಮಾ, ನಿಮ್ಮ ಯಜಮಾನರನ್ನ ಟೆಸ್ಟಿಗೆ ಕರ್ಕೊಂಡು ಬನ್ನಿ. ಸಿ ಪೂರ್ತಿ ವಾಸಿಯಾಗಿದ್ಯಾ ನೋಡಬೇಕು."

"ಸಿ ವಾಸಿಯಾಗಿತ್ತಮ್ಮ. ಬಿ ಮಾತ್ರೆ ತಗೊಳ್ಳಲಿಲ್ಲ, ಸತ್ತುಹೋದ್ರು. ಬರ್ಕೋ."

ಪಾಪ, ಬರೆದುಕೊಂಡಳು. ಇನ್ನೊಂದು ಮಾತು ಹೇಳಿದೆ. "ಇನ್ಮೇಲೆ ಮಾತ್ರೆ ತಗೊಂಡ್ರಾ ಅಂತ ಗಂಡಂದಿರನ್ನ ಕೇಳ್ಬೇಡಿ. ಪಕ್ಕದಲ್ಲಿ ಕೂತಿರೋ ಹೆಂಡತೀನ ಕೇಳಿ."

"ಅವರು ಹೇಳ್ತಾರಾ ಅಮ್ಮ?"

"ಹೇಳಲ್ಲ. ಹೊರಗೆ ಕರ್ಕೊಂಡು ಹೋಗಿ ಇನ್ನೊಂದು ಸಲ ಕೇಳಿ."