ಎರಡನೆಯ ಗುಂಡಿ

ಲೈನ್‌ಮನ್ ಕಾಕಾರ ಬಲಗೈ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಎಂದೋ ಸುಟ್ಟ ಚರ್ಮ, ಬದನೆಕಾಯಿ ಸಿಪ್ಪೆಯ ಹಾಗೆ ಮಿಂಚುತ್ತಿತ್ತು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಅಂತ ಅವರು ನೋಡುತ್ತಿದ್ದದ್ದೇ ಆ ಕೈ ಹಿಂಬದಿ ತಾಗಿಸಿ. ಬಬಲೇಶ್ವರದಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅವರ ಮನೆ.

ಮಂದಿಯ ವಿಷಯದಲ್ಲಿ ಮಾತ್ರ ಎಷ್ಟು ಹುಷಾರಿ ಅಂತೀರಿ! ಹಸಿ ಕೈಯಲ್ಲಿ ಇಸ್ತ್ರಿ ಮುಟ್ಟಿದ್ದಕ್ಕೆ ನನಗೆ ಗಿರಾಕಿಗಳ ಮುಂದೆಯೇ ಬೈದಿದ್ದರು. "ಸಾಯಾಕ ಅಷ್ಟ ಅವಸರ ಐತೇನಬೇ?" ಅಂದವರು, ಮರುದಿನ ತಾವೇ ಹಿತ್ತಲಲ್ಲಿ ತಗ್ಗು ತೋಡಿ, ಇದ್ದಿಲು ಉಪ್ಪು ತುಂಬಿ, ಅರ್ಥಿಂಗ್ ತಂತಿ ಎಳೆದುಕೊಟ್ಟರು. ಮುಂದೆ ಒಂದು ಮಳೆಗಾಲದಲ್ಲಿ ಇಸ್ತ್ರಿ ಒಳಗೇ ಸುಟ್ಟು ಢಂ ಅಂದಾಗ ನಾನು ಉಳಿದದ್ದು ಆ ತಂತಿಯಿಂದ. "ಬಂದ್ ಆದ ಲೈನ್ ನಂಬಬ್ಯಾಡ ಯವ್ವಾ. ಯಾವನರ ತ್ವಾಟದಾಗ ಜನರೇಟರ್ ಹಚ್ಚಿದ ಅಂದ್ರ, ಕರೆಂಟ್ ಹಿಂದಿನ ಬಾಗಲದಿಂದ ಬರ್ತೈತಿ" ಅಂತಲೂ ಅವರೇ ಹೇಳಿದ್ದು. ಇಷ್ಟು ಹೇಳುವವರು ತಾವು ಬರಿಗೈಯಲ್ಲಿ ಕಂಬ ಹತ್ತುತ್ತಿದ್ದರು. ಸಿಟ್ಟು ಬರದೆ ಇರುತ್ತದೆಯೇ?

ಅವರ ಹೆಂಡತಿಯನ್ನು ನಾನು ಕಾಕು ಅನ್ನುತ್ತಿದ್ದೆ. ಕಾಕು ಅತ್ತು ಕರೆದು, ಕಡೆಗೆ ಮಗಳ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರು. ಮರುದಿನವೇ ಕಾಕಾ ನನ್ನ ಅಂಗಡಿಗೆ ಬಂದು ರಬ್ಬರಿನ ದಪ್ಪ ಗ್ಲೌಸ್ ಮುಂದಿಟ್ಟರು.

"ಸೊಂಟಕ್ಕ ಕಟ್ಕೊಳ್ಳಾಕ ಒಂದ್ ರೆಕ್ಸಿನ್ ಚೀಲ ಹೊಲಿ. ಕೈಗೊಂದು ಕಿಸೆ, ಕಿಸೆಗೊಂದು ಗುಂಡಿ. ಬಿಗಿ ಇರಲಿ, ಬೀಳಬಾರದು."

"ಕೈಗೆ ಹಾಕ್ಕೊಳ್ಳೂದಕ್ಕ ಚೀಲ ಯಾಕ್ರಿ ಕಾಕಾ?"

"ಗ್ಲೌಸ್ ಬಿಟ್ಟು ಮನಿ ದಾಟಂಗಿಲ್ಲ ಅಂತ ಆಣಿ ಮಾಡೇನಿ. ಹಾಕ್ಕೋತೀನಿ ಅಂದಿಲ್ಲ."

ಅವರು ನಕ್ಕರು. ನಾನೂ ನಕ್ಕೆನಲ್ಲ, ನನ್ನ ಬುದ್ಧಿಗಿಷ್ಟು! ಜೋಡಿ ದಾರ ಹಾಕಿ, ಗುಂಡಿ ತೂರಿಸುವ ಕಾಜ ಸಣ್ಣದು ಮಾಡಿ, ಗಟ್ಟಿಯಾಗಿ ಹೊಲಿದೂ ಕೊಟ್ಟೆ.

ಎರಡು ವರ್ಷ ಆ ಚೀಲ ಅವರ ಸೊಂಟದಲ್ಲಿ ತೂಗಾಡಿತು. ಒಂದು ದಿನ ನನ್ನ ಅಂಗಡಿ ಮುಂದಿನ ಕಂಬದ ಬುಡದಲ್ಲಿ ನಿಂತು, ಒಂದು ಗುಂಡಿ ಬಿಚ್ಚಿ, ಎಡಗೈಗೆ ಗ್ಲೌಸ್ ಹಾಕಿದರು. ಅದನ್ನೇ ನೋಡುತ್ತ ನಿಂತರು. ಮುಖವೆಲ್ಲ ಬೆವರು. ಸರ್ರನೆ ಕಳಚಿ ಕಿಸೆಗೆ ತುರುಕಿ, ಬರಿಗೈಯಲ್ಲೇ ಹತ್ತಿದರು. ಇಳಿದು ಬಂದ ಮೇಲೆ ನಾನು ಬಿಡಲಿಲ್ಲ.

"ಸಾಯಾಕ ಅಷ್ಟ ಅವಸರ ಐತೇನ್ರಿ?" ಅಂತ ಅವರ ಮಾತನ್ನೇ ಅವರಿಗೆ ತಿರುಗಿಸಿದೆ. ಕಾಕಾ ನೀರು ಕುಡಿದು ಕೂತರು.

"ನನಗ ಕಂಬ ಹತ್ತೂದು ಕಲಿಸಿದಾಂವ ಒಬ್ಬ ಉಸ್ತಾದ ಇದ್ದ. ಮಮದಾಪುರದ ದಾರ್ಯಾಗ ಇಬ್ಬರೂ ಕೆಲಸಕ್ಕ ಹೋಗಿದ್ವಿ. ಗ್ಲೌಸ್ ಒಂದ ಜೋಡಿ. 'ನೀ ಹೊಸಬ, ನೀ ಹಾಕ್ಕೋ' ಅಂದ. ಹಾಕ್ಕೊಂಡೆ. ನನ್ನ ಕಣ್ಣ ಮುಂದನ ಅಂವ ಕಂಬದ ಮ್ಯಾಲ ಜೋತುಬಿದ್ದ. ಹಾಕ್ಕೋಬೇಕು ಅಂತ ನನಗೂ ಅನಸ್ತೈತಿ ಯವ್ವಾ, ಮಗಳ ಮಾರಿ ಕಣ್ಣಾಗ ಬರ್ತೈತಿ. ಆದ್ರ ಕೈ ಒಳಗ ಹೋಗೂದ ತಡ, ಇದು ಅವಂದು, ಅವನ ಕೈಯಿಂದ ಕಸಗೊಂಡೇನಿ ಅನಸ್ತೈತಿ."

ಇಷ್ಟು ದಿನ ಅದನ್ನು ಮೊಂಡುತನ ಅಂದುಕೊಂಡಿದ್ದೆ. ಅವತ್ತಿನಿಂದ ಅವರಿಗೆ ಫೋನ್ ಬಂದು ಗಾಡಿ ಹೊರಟಿತೆಂದರೆ, ತಿರುಗಿ ಬರುವತನಕ ಮಷೀನ್ ತುಳಿಯುತ್ತ ಬಾಗಿಲ ಕಡೆಗೇ ನೋಡುತ್ತಿದ್ದೆ.

ಹೋದ ವರ್ಷ ಬೇಸಿಗೆಯ ಗಾಳಿಮಳೆಗೆ ಟಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ತಂತಿ ಹರಿದುಬಿದ್ದವು. ಅಲ್ಲಿ ಆಳು ಸಾಲದೆ ಕಾಕಾರನ್ನು ಕರೆಸಿದರು. ಮಗಳ ಪರೀಕ್ಷೆ ಮುಗಿದ ಖುಷಿಗೆ ಅವಳಿಗೆ ಹೊಸ ಚೂಡಿದಾರ ಹೊಲಿಯಲು ಕಾಕಾ ನನಗೆ ಕೊಟ್ಟಿದ್ದರು. "ಸಂಜೀಕ ಬರೂದ್ರಾಗ ಮುಗಿಸಿಡಬೇ" ಅಂದು ಹೋದರು. ನಾನು ಹೂಂ ಅಂದೆ. ಗ್ಲೌಸ್ ಹಾಕ್ಕೋರಿ ಅನ್ನಲಿಲ್ಲ. ಯಾಕೆ ಅನ್ನಲಿಲ್ಲವೋ, ಶಿವನೇ ಬಲ್ಲ.

ಲೈನ್ ಬಂದ್ ಮಾಡಿಸಿಯೇ ಹತ್ತಿದ್ದರಂತೆ. ಅಷ್ಟರಲ್ಲಿ ಯಾರೋ ಪಂಪಿಗೆ ಅಂತ ಜನರೇಟರ್ ಹಚ್ಚಿದರು. ವಿಜಯಪುರದ ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

"ಎಡಗೈಗೆ ಗ್ಲೌಸ್ ಇತ್ತು. ಬಲಗೈ ಬರಿಗೈ" ಅಂದರು ಜೊತೆಗೆ ಹೋದವರು. ಮಂದಿ ಆಶ್ಚರ್ಯಪಟ್ಟರು. ಅರ್ಧ ಹಾಕಿಕೊಂಡು ಯಾರಾದರೂ ಹತ್ತುತ್ತಾರೆಯೇ ಅಂದರು.

ದಿನಕರ್ಮ ಮುಗಿದ ಮೇಲೆ ಕಾಕು ಆ ಚೀಲ ತಂದು ನನ್ನ ಮಷೀನ್ ಮೇಲಿಟ್ಟರು. "ನೀನ ಇಟ್ಕೋ ಯವ್ವಾ. ನನ್ನಿಂದ ನೋಡಾಕ ಆಗಂಗಿಲ್ಲ."

ಒಂದು ಕಿಸೆ ಬಿಚ್ಚಿತ್ತು, ಖಾಲಿ. ಎರಡನೆಯದು ಮುಚ್ಚಿದ ಹಾಗೇ ಇತ್ತು, ಒಳಗೆ ಬಲಗೈ ಗ್ಲೌಸ್. ಆದರೆ ಆ ಗುಂಡಿಯ ಜೋಡಿ ದಾರ ಹಿಂಜಿ ಮುಂದೆ ಬಂದಿತ್ತು, ಕಾಜದ ಅಂಚು ಹರಿದಿತ್ತು. ಯಾರೋ ಎಳೆದಿದ್ದಾರೆ, ಒಮ್ಮೆಯಲ್ಲ. ಕಾಕಾ ಅವತ್ತು ಮೇಲೆ ಹತ್ತಿದ ಮೇಲೆ, ಬಲಗೈಯಲ್ಲಿ ಕಂಬ ಹಿಡಿದುಕೊಂಡೇ, ಗ್ಲೌಸಿನ ಎಡಗೈಯಿಂದ ಎರಡನೆಯದನ್ನೂ ಬಿಚ್ಚಿ ಹಾಕಿಕೊಳ್ಳಲು ನೋಡಿದ್ದಾರೆ. ಬಿಚ್ಚದಿದ್ದಾಗ ಹಳೆಯ ಸಂಕಟ ಮತ್ತೆ ಗೆದ್ದಿರಬೇಕು.

ಅರ್ಥಿಂಗ್ ತಂತಿ ಈಗಲೂ ನನ್ನ ಅಂಗಡಿಯಲ್ಲಿದೆ, ನನ್ನನ್ನು ಕಾಯುತ್ತಿದೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ನಾನು ಆ ಗ್ಲೌಸ್ ಹೊರತೆಗೆದು ಕೈಗೆ ಹಾಕಿಕೊಂಡೆ. ಇನ್ನೊಂದು ಕೈಯಿಂದ ಗುಂಡಿ ಹಾಕಿ, ಗ್ಲೌಸಿನ ಕೈಯಿಂದ ಬಿಚ್ಚಲು ನೋಡಿದೆ. ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ.