ಸರಸುವಿನ ಭಾಷಣದ ಪೆಟ್ಟಿಗೆ

ಹೋದ ತಿಂಗಳು ದೊಡ್ಡಬಳ್ಳಾಪುರದ ಕಡೆ ಹೊರಟಿದ್ದೆ. ಬಾಶೆಟ್ಟಿಹಳ್ಳಿಯ ಹತ್ತಿರ ರಸ್ತೆ ಅಗಲ ಮಾಡುತ್ತಿದ್ದರು, ಬಸ್ಸು ಕಾಲು ಗಂಟೆ ನಿಂತಿತು. ಕಿಟಕಿಯ ಆಚೆ ಹಳೆಯ ಹಲಸಿನ ಮರವೊಂದನ್ನು ಉರುಳಿಸಿ ಬೊಡ್ಡೆಯನ್ನು ಕೊಯ್ಯುತ್ತಿದ್ದರು. ಡೀಸೆಲ್ ಹೊಗೆಯನ್ನು ದಾಟಿಕೊಂಡು ಆ ಹಳದಿ ಹೊಟ್ಟಿನ ವಾಸನೆ ಒಳಗೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಒಗರು, ಕೊನೆಗೆ ಗಂಟಲಲ್ಲಿ ಉಳಿಯುವ ಒಂದು ಕಹಿ. ಪಕ್ಕದಲ್ಲಿದ್ದ ಹುಡುಗಿ "ಆಂಟೀ, ಹುಷಾರಾಗಿದ್ದೀರಾ?" ಎಂದು ನೀರಿನ ಬಾಟಲಿ ಚಾಚಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು. ಎಪ್ಪತ್ತರ ಹತ್ತಿರದ ಹೆಂಗಸು ಒಂದು ಮರಕ್ಕಾಗಿ ಅಳುತ್ತಿದ್ದಾಳೆಂದು ಅವಳು ತಿಳಿದಿರಬೇಕು. ತಿಳಿದುಕೊಳ್ಳಲಿ ಬಿಡಿ. ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ, ಎಲ್ಲೋ ಬಸ್ಸಿನಲ್ಲಿ ಕೂತಾಗ ಹೇಳದೆ ಕೇಳದೆ ಬಂದು ಮುಖಕ್ಕೆ ಬಡಿಯುವಂಥದು.

ಅದು ನಮ್ಮ ಮನೆಯ ಪಡಸಾಲೆಯ ವಾಸನೆ. ಮಾಕಳಿದುರ್ಗದ ಬೆಟ್ಟ ಹಿತ್ತಲಿನಿಂದಲೇ ಕಾಣುವಂಥ ಊರು ನಮ್ಮದು. ಅಪ್ಪ ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಪಾಠ ಹೇಳುವುದು ಅವರ ಕೆಲಸ, ಮರಗೆಲಸ ಅವರ ಹುಚ್ಚು. ಹುಚ್ಚು ಎಂದೇ ಹೇಳಬೇಕು, ಏಕೆಂದರೆ ಕೈ ಅಷ್ಟೇನೂ ಪಳಗಿರಲಿಲ್ಲ. ಅವರು ಮಾಡಿದ ಬೀರುವಿನ ಬಾಗಿಲನ್ನು ಮಳೆಗಾಲದಲ್ಲಿ ಮುಚ್ಚಿದರೆ ಸಂಕ್ರಾಂತಿಯವರೆಗೆ ತೆಗೆಯಲಾಗುತ್ತಿರಲಿಲ್ಲ. ಊಟದ ಮಣೆಗಳಂತೂ ಎಲ್ಲವೂ ಅಲ್ಲಾಡುತ್ತಿದ್ದವು. "ನಿಮ್ ಮಣೆ ಮೇಲ್ ಕೂತ್ಕೊಂಡ್ರೆ ಊಟ ಬೇಗ ಅರಗುತ್ತೆ ಕಣ್ರೀ" ಎಂದು ಅಮ್ಮ ಹಂಗಿಸುತ್ತಿದ್ದಳು. ಭಾನುವಾರ ಬಂತೆಂದರೆ ಪಡಸಾಲೆಯ ತುಂಬ ಹೊಟ್ಟು. ಅದು ಅಜ್ಜಿಯ ಎಲೆ ಅಡಿಕೆ ತಟ್ಟೆಗೂ ಬೀಳುತ್ತಿತ್ತು, ಮಜ್ಜಿಗೆಗೂ ಬೀಳುತ್ತಿತ್ತು. ಅಪ್ಪನ ಕೆಲಸವನ್ನು ಮನಸಾರೆ ಹೊಗಳುತ್ತಿದ್ದವಳು ಮನೆಯಲ್ಲಿ ಒಬ್ಬಳೇ, ನನ್ನ ತಂಗಿ ಸರಸು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ವಯಸ್ಸು ಒಂಬತ್ತಾದರೂ ನೋಡಿದವರು ಆರೆನ್ನುತ್ತಿದ್ದರು. ಆಳು ಅಷ್ಟೇ ಇದ್ದರೂ ಗಂಟಲು ಮಾತ್ರ ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದ ದನ ಕಾಯುವವರು ತಿರುಗಿ ನೋಡುವಂಥದು.

ಅವಳು ಮೊದಲ ಸಲ ಭಾಷಣ ಮಾಡಿದ್ದು ಎಂಟು ವರ್ಷದವಳಿದ್ದಾಗ, ಆಗಸ್ಟ್ ಹದಿನೈದಕ್ಕೆ. ಇಸವಿ ಅರವತ್ತೇಳೋ ಅರವತ್ತೆಂಟೋ ಇರಬೇಕು. ವೇದಿಕೆಯಲ್ಲಿ ಹೆಡ್ ಮೇಷ್ಟ್ರ ಎತ್ತರದ ಮೇಜು, ಅದರ ಮೇಲೆ ಇಳಿಬಿಟ್ಟ ಜಮಖಾನ. ಸರಸು ಅದರ ಹಿಂದೆ ಹೋಗಿ ನಿಂತಳು, ಮಾಯವಾದಳು. ದನಿಯೊಂದು ಮಾತ್ರ ಕೇಳಿಬರುತ್ತಿತ್ತು. ಹಿಂದಿನಿಂದ ಯಾರೋ "ಏ, ಮೇಜು ಮಾತಾಡ್ತೈತೆ ಕಣ್ರಲೋ!" ಎಂದು ಕೂಗಿದರು. ಇಡೀ ಮೈದಾನ ನಕ್ಕಿತು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳು ಒಂದು ಸಾಲೂ ಬಿಡದೆ ಮುಗಿಸಿಯೇ ಇಳಿದಳು. ಆದರೆ ಮನೆಗೆ ಬಂದವಳು ಉಣ್ಣಲಿಲ್ಲ. "ನಾನಿನ್ ಭಾಷಣ ಮಾಡಲ್ಲಪ್ಪ" ಎಂದು ಗೋಡೆಗೆ ಮುಖ ಹಾಕಿ ಮಲಗಿದಳು. ಅಪ್ಪ ಬೆಂಗಳೂರಿನಲ್ಲಿ ಟ್ರೈನಿಂಗಿಗೆ ಹೋಗಿದ್ದಾಗ ಪೋಡಿಯಂ ಎಂಬುದನ್ನು ನೋಡಿದ್ದರು. ಮುಂದಿನ ಸಲಕ್ಕೆ ಅಂಥದೊಂದನ್ನು ತಾವೇ ಮಾಡುವುದಾಗಿ ಹೇಳಿದರು. ಸ್ಟೂಲಿನ ಮೇಲೆ ನಿಲ್ಲಿಸಿದರೆ ಆಗದೇ ಎಂದು ಅಮ್ಮ ಕೇಳಿದಳು. ಅಪ್ಪ ಒಪ್ಪಲಿಲ್ಲ. "ಮೇಜು ಅವಳ ಹತ್ರಕ್ಕೆ ಇಳೀಬೇಕು ಕಣೆ. ಅವಳ್ಯಾಕೆ ಹತ್ಬೇಕು?" ಎಂದರು.

ಮರುವರ್ಷ ಜುಲೈ ತಿಂಗಳಲ್ಲಿ ಕೆಲಸ ಶುರುವಾಯಿತು. ಹಿತ್ತಲಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರದ ಹಲಗೆಗಳು ಅಟ್ಟದಿಂದ ಇಳಿದವು. ಅಪ್ಪ ಸರಸುವನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ ಅಳತೆಗೆಂದು ಟೇಪು ತೆಗೆದರು. ಒಳಗಿನಿಂದ ಅಜ್ಜಿ, ಅಪ್ಪನ ತಾಯಿ, ಒದ್ದೆ ಕೈಯಲ್ಲೇ ಓಡಿಬಂದಳು. "ಅಳೀಬ್ಯಾಡ! ಮನುಷ್ಯರನ್ನ ನಿಲ್ಸಿ ಅಳೀಬಾರ್ದು ಅಂತ ಗೊತ್ತಿಲ್ವೇನೋ ನಿಂಗೆ? ಆಳಿನುದ್ದ ನೋಡೋದು ಒಂದೇ ಸಲ, ಅದೂ ಮಲಗಿಸ್ಬಿಟ್ಟು" ಎಂದಳು. ಚಟ್ಟಕ್ಕೆ ಬಿದಿರು ಕಡಿಯುವಾಗ ಮಾತ್ರ ಮನುಷ್ಯನ ಉದ್ದ ನೋಡುತ್ತಾರೆ, ಬದುಕಿದವರನ್ನು ಅಳೆದರೆ ಆಯಸ್ಸು ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವಳ ನಂಬಿಕೆ. ಬೇರೆ ಮನೆಗಳ ಗೋಡೆಯ ಮೇಲೆ ಮಕ್ಕಳ ಎತ್ತರಕ್ಕೆ ಎಳೆದ ಇದ್ದಿಲ ಗೆರೆಗಳಿದ್ದರೆ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಅಪ್ಪನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳನ್ನು ಮಣ್ಣು ಮಾಡಿದ್ದ ಅಜ್ಜಿಯೊಂದಿಗೆ ವಾದಿಸಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅಪ್ಪ ಟೇಪು ಸುತ್ತಿಟ್ಟರು. "ಸರಿ ಬಿಡಮ್ಮ. ಯಾರನ್ನೂ ಅಳೆಯಲ್ಲ. ಎಲ್ಲಾರ ಎತ್ತರಕ್ಕೂ ಆಗೋಹಂಗೆ ಮಾಡ್ಬಿಡ್ತೀನಿ" ಎಂದರು.

ಹೀಗೆ ನಮ್ಮ ಪೋಡಿಯಂ ಏರುವ ಇಳಿಯುವ ಪೋಡಿಯಂ ಆಯಿತು. ಕೆಳಗೆ ಅಗಲವಾದ ಪೀಠ, ಅದರ ಮೇಲೆ ಹಲಗೆ ಜೋಡಿಸಿ ಮಾಡಿದ ಎರಡು ಟೊಳ್ಳು ಕಾಲುಗಳು. ಅವುಗಳೊಳಗೆ ಜಾರುವ ಇನ್ನೆರಡು ಕಾಲು, ಅವುಗಳ ತಲೆಯ ಮೇಲೆ ಓರೆಯಾಗಿ ಕೂರಿಸಿದ ಹಲಗೆ. ಒಳಗಾಲಿನಲ್ಲಿ ಎರಡೆರಡು ಬೆರಳಿಗೊಂದು ತೂತು. ಗಾಡಿಯ ಚಕ್ರ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿಯಿದೆಯಲ್ಲ, ಅಂಥವೇ ಎರಡು ಪುಟ್ಟ ಕಡಾಣಿಗಳನ್ನು ಕುಲುಮೆಯಲ್ಲಿ ಮಾಡಿಸಿ ತಂದರು. ಬೇಕಾದ ತೂತಿಗೆ ಕಡಾಣಿ ಸಿಕ್ಕಿಸಿದರೆ ಹಲಗೆ ಅಲ್ಲೇ ನಿಲ್ಲುತ್ತಿತ್ತು. ಸರಸು ಅದಕ್ಕೆ ಭಾಷಣದ ಪೆಟ್ಟಿಗೆ ಎಂದು ಹೆಸರಿಟ್ಟಳು. ಅಜ್ಜಿ ಮಾತಿನ ಮಂದಾಸನ ಎಂದಳು. ಅಪ್ಪನ ಕೈಯಿಂದ ಬಂದ ವಸ್ತುಗಳಲ್ಲಿ ಅಲ್ಲಾಡದೆ ನಿಂತದ್ದು ಅದೊಂದೇ. ಮೂರನೆಯ ಭಾನುವಾರ ಅದನ್ನು ಎಲ್ಲಕ್ಕಿಂತ ಕೆಳಗಿನ ತೂತಿಗೆ ಇಳಿಸಿ ಸರಸುವನ್ನು ಹಿಂದೆ ನಿಲ್ಲಿಸಿದರು. ಕಂಡದ್ದು ಎರಡು ಕಣ್ಣು ಮತ್ತು ಬೈತಲೆ. ಅಳೆಯದೆ ಅಂದಾಜಿನಲ್ಲಿ ಮಾಡಿದ್ದರಿಂದ ಕಾಲು ಉದ್ದವಾಗಿಬಿಟ್ಟಿತ್ತು. ಸರಸು ನಗುತ್ತಲೇ ಇದ್ದಳು, ಆದರೆ ಅವಳ ಗದ್ದ ನಡುಗುವುದನ್ನು ಪಕ್ಕದಲ್ಲಿದ್ದ ನಾನು ನೋಡಿದೆ. ಎಷ್ಟು ಕೊಯ್ಯಬೇಕೆಂದು ತಿಳಿಯದೆ ಅಪ್ಪ ಗರಗಸ ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು ಕೈ ತೊಳೆದರು.

ಆ ಶನಿವಾರ ಅಜ್ಜಿ ಹೊಲಕ್ಕೆ ಹೋಗಿದ್ದಾಗ ನಾನು ಸರಸುವನ್ನು ಹಿತ್ತಲ ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ಹೂ ಕಟ್ಟುವ ದಾರವನ್ನು ಅವಳ ಹಿಮ್ಮಡಿಯ ಕೆಳಗೆ ಸಿಕ್ಕಿಸಿ ಎದೆಯ ಮಟ್ಟಕ್ಕೆ ಎಳೆದು ಗಂಟು ಹಾಕಿದೆ. "ಕಚಗುಳಿ ಆಗ್ತದೆ ಕಣೇ ಅಕ್ಕಾ" ಎಂದು ಅವಳು ಮೈ ಕುಣಿಸಿದಳು. ದಾರವನ್ನು ಅಪ್ಪನ ಅಂಗೈಗೆ ಹಾಕಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿಗೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಕಾಲು ಕೊಯ್ದರು. ಹಲಗೆ ಸರಿಯಾಗಿ ಸರಸುವಿನ ಎದೆಮಟ್ಟಕ್ಕೆ ಬಂತು. ನನಗೆ ಆಗ ಆದ ಹೆಮ್ಮೆ ಅಷ್ಟಿಷ್ಟಲ್ಲ.

ಆಗಸ್ಟ್ ಹದಿನೈದರ ದಿನ ಹಸಿರು ಲಂಗ ಉಟ್ಟು, ಎರಡು ಜಡೆ ಹಾಕಿಕೊಂಡು ಅವಳು ಆ ಪೆಟ್ಟಿಗೆಯ ಹಿಂದೆ ನಿಂತಳು. ಯಾರೂ ನಗಲಿಲ್ಲ. ಅವಳು ಮುಗಿಸಿದ ಮೇಲೆ ಹೆಡ್ ಮೇಷ್ಟ್ರು ಕಡಾಣಿ ಕಿತ್ತು ಹಲಗೆಯನ್ನು ಮೇಲೆತ್ತಿದಾಗ ಜನ ಪೆಟ್ಟಿಗೆಗೂ ಒಂದು ಸಲ ಚಪ್ಪಾಳೆ ತಟ್ಟಿದರು. ಅಪ್ಪ ಕೊನೆಯ ಸಾಲಿನಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಸರಸು ನನ್ನ ಕೈ ಹಿಡಿದು ಜಗ್ಗಿ, "ಅಕ್ಕಾ, ಈ ಸಲ ನಂಗೆ ಎಲ್ಲಾರ ಮುಖಾನೂ ಕಾಣಿಸ್ತು" ಎಂದಳು.

ಆಯುಧಪೂಜೆಗೆ ಮುಂಚೆ ಅವಳಿಗೆ ಜ್ವರ ಬಂತು. ಟೈಫಾಯ್ಡ್ ಎಂದರು. ಆ ವರ್ಷ ಊರಿನ ಅರ್ಧ ಮಕ್ಕಳಿಗೆ ಬಂದಿತ್ತು, ಉಳಿದವರು ಎದ್ದು ಕೂತರು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದ ಸರಸುವನ್ನು ಅಪ್ಪ ಎತ್ತಿಕೊಂಡೇ ಮನೆಗೆ ತಂದರು. ಅವಳನ್ನು ಮಣ್ಣು ಮಾಡಿದ ಮೂರನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಅಜ್ಜಿ ಒಲೆಯ ಮುಂದೆ ಕೂತು ಒಂದೇ ಒಂದು ಪ್ರಶ್ನೆ ಕೇಳಿದಳು. "ಮಗೂನ ಯಾರಾದ್ರೂ ಅಳೆದ್ರಾ?" ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಪ್ಪ ನೆಲ ನೋಡಿದರು. ನಾನು ಬಾಗಿಲ ಹಿಂದೆ ನಿಂತು, ಅಪ್ಪ ಈಗ ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಹೇಳಲಿಲ್ಲ. ಅಜ್ಜಿ ಇನ್ನೊಮ್ಮೆ ಕೇಳಲಿಲ್ಲ.

ಪೆಟ್ಟಿಗೆ ಸ್ಕೂಲಿನಲ್ಲೇ ಉಳಿಯಿತು. ಅಪ್ಪ ಮತ್ತೆ ಉಳಿ ಮುಟ್ಟಲಿಲ್ಲ, ಭಾನುವಾರಗಳು ಸದ್ದಿಲ್ಲದೆ ಕಳೆದವು. ನಾನು ಓದಿದೆ, ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಟೈಫಾಯ್ಡ್ ನೀರಿನಿಂದ ಬರುತ್ತದೆ, ದಾರದಿಂದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೇನು? ನನ್ನ ಮಗನ ಸ್ಕೂಲಿನಲ್ಲಿ ಎತ್ತರ ಬರೆದುಕೊಳ್ಳುವ ದಿನ ಅವನಿಗೆ ಹೊಟ್ಟೆನೋವೆಂದು ಚೀಟಿ ಬರೆದು ಕಳಿಸುತ್ತಿದ್ದೆ. ಅಜ್ಜಿ ಹೋದಳು, ಅಪ್ಪ ಹೋದರು. ನನ್ನ ತಪ್ಪನ್ನು ಅಪ್ಪ ಕೊನೆಯವರೆಗೂ ಹೊಟ್ಟೆಯಲ್ಲಿ ಹಾಕಿಕೊಂಡಿದ್ದರೆಂದು ನಾನು ಅವರ ಫೋಟೋಕ್ಕೆ ಹೂ ಇಡುವಾಗಲೆಲ್ಲ ಒಳಗೊಳಗೇ ಕ್ಷಮೆ ಕೇಳುತ್ತಿದ್ದೆ.

ಅಪ್ಪ ಹೋಗಿ ಐದಾರು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಅಮ್ಮನೂ ನಾನೂ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆವು. ಯಾಕೋ ತಡೆಯಲಾಗಲಿಲ್ಲ. ದಾರದ ವಿಷಯ ಹೇಳಿಬಿಟ್ಟೆ. ಅಮ್ಮನ ಕೈ ನಿಂತಿತು.

"ನೀನಾ?" ಎಂದಳು. ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ, "ನಾನ್ ಅಳೆದಿದ್ದೆ ಕಣೇ. ಹಸಿರು ಲಂಗ ಹೊಲಿಸ್ಬೇಕಿತ್ತಲ್ಲ. ನಿಮ್ಮಜ್ಜಿಗೆ ಹೆದ್ರಿ ಟೈಲರ್ ಹತ್ರ ಕರ್ಕೊಂಡ್ ಹೋಗ್ಲಿಲ್ಲ. ಸೆರಗು ಹಿಡಿದು ನಾನೇ ಅಳೆದ್ಬಿಟ್ಟೆ. ಇಷ್ಟ್ ವರ್ಷ ನಾನೇ ಅಂದ್ಕೊಂಡಿದ್ದೆ" ಎಂದಳು.

"ಅಪ್ಪಂಗೆ ಗೊತ್ತಿತ್ತಾ?"

"ನಿಮ್ಮಪ್ಪನೂ ಅಳೆದಿದ್ರು. ಆ ಕಾಲು ಉದ್ದ ಆಯ್ತಲ್ಲ, ಅದರ ಮಾರನೇ ದಿನಾನೇ ಸ್ಕೂಲಲ್ಲಿ ನಿಲ್ಸಿ, ಅಡಿಕೋಲಲ್ಲಿ. ಹೋಗೋಕೆ ಎರಡು ದಿನ ಮುಂಚೆ ನನ್ ಹತ್ರ ಹೇಳ್ಕೊಂಡು ಅತ್ರು."

ಅಂದರೆ ಅಪ್ಪ ಕಾಲು ಕೊಯ್ದದ್ದು ನನ್ನ ದಾರ ನೋಡಿ ಅಲ್ಲ. "ನೀನೂ ಅಳೆದಿದ್ದೆ ಅಂತ ಅವಾಗ ಹೇಳಿದ್ಯೇನಮ್ಮಾ?" ಎಂದೆ.

ಅಮ್ಮ ತಲೆಯಾಡಿಸಿದಳು. "ಇಲ್ಲ. ಬಾಯಿ ಬರ್ಲಿಲ್ಲ."

ಒಂದೇ ಒಲೆಯ ಅನ್ನ ಉಂಡ ನಾವು ಮೂವರೂ ಒಬ್ಬರಿಗೊಬ್ಬರು ಹೆದರಿ ಆ ಮಗುವಿನ ಸಾವನ್ನು ಬೇರೆಬೇರೆಯಾಗಿ ಹೊತ್ತಿದ್ದೆವು. ಅಪ್ಪ ಅದನ್ನು ಒಬ್ಬರೇ ಹೊತ್ತುಕೊಂಡು ಹೋದರು. ನಾನು ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ಈ ನೋವು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಮ್ಮ ಕಾಳಿನ ಪಾತ್ರೆಯನ್ನು ಪಕ್ಕಕ್ಕಿಟ್ಟಳು. "ಎಷ್ಟಿತ್ತೇ ನಿನ್ ದಾರ?" ಎಂದು ಕೇಳಿದಳು. ನಾನು ಎದ್ದು ನಿಂತು ಸೊಂಟದ ಹತ್ತಿರ ಕೈ ಚಾಚಿ, "ಎದೆಮಟ್ಟಕ್ಕೆ ಇಷ್ಟು" ಎಂದೆ. ಅವಳು ಗೋಡೆ ಹಿಡಿದು ಎದ್ದಳು. ನನ್ನ ಕೈಗಿಂತ ಒಂದೂವರೆ ಗೇಣು ಮೇಲೆ ತನ್ನ ಅಂಗೈಯನ್ನು ಬೋರಲಾಗಿ ಹಿಡಿದಳು. "ತಲೆ ಇಲ್ಲಿಗೆ ಬರ್ತಿತ್ತು" ಎಂದಳು. ನಾವಿಬ್ಬರೂ ಹಾಗೆಯೇ ನಿಂತಿದ್ದೆವು, ಕೈ ಇಳಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.