ಮೆಟ್ಟಿಲ ಮೇಲೆ ಕರಗಿದ ಐಸ್

ಆ ಐಸ್ ಗಡ್ಡೆಗೆ ನೂರೈವತ್ತು ರೂಪಾಯಿ, ಆಟೋಗೆ ಅರವತ್ತು. ಕೊಟ್ಟವನು ನಾನು. ಚನ್ನರಾಯಪಟ್ಟಣದಲ್ಲಿ ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಭೂಗೋಳದ ಮೇಡಂ ಒಬ್ಬರೇ. ಅದಕ್ಕೇ ಕೊಟ್ಟೆ.

ಅವರೆಂದರೆ ನನಗೆ ಮೊದಲು ನೆನಪಾಗುವುದು ಬೆರಳುಗಳು. ಪಾಠಕ್ಕೆಂದು ಐಸನ್ನು ಬರಿಗೈಯಲ್ಲೇ ಎತ್ತಿ ಎತ್ತಿ ತುದಿಗಳು ಸುಣ್ಣದಂತೆ ಬಿಳಿಚಿಕೊಂಡಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಕರಿ ಎಣ್ಣೆ. "ಕೈ ಮರಗಟ್ಲಿ ಬಿಡಿ, ಪಾಠ ಮರ್ತೋಗಲ್ಲ" ಅನ್ನುತ್ತಿದ್ದರು. ಕೊಣನೂರಿನ ಕಡೆಯವರು. ಉತ್ತರ ಧ್ರುವದ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯಬಾರದೆಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಹಿ ಕೇಳುವರು. ಕಾಯಿ ಮಾರಿ ಬಂದವರು, "ಅಲ್ಲಿಗೆ ಯಾವ ಬಸ್ ಓಯ್ತದೆ ಮೇಡಂ?" ಎಂದು ರೇಗಿಸಿದರೆ, "ಸಹಿ ಆಕಿ, ಟಿಕೆಟ್ ನಾನೇ ತಗೀತೀನಿ" ಎಂದು ಪೆನ್ನು ಚಾಚುವರು.

ನನ್ನದು ಇಂಜಿನ್ ಆಯಿಲ್ ಅಂಗಡಿ. ಅವರ ಶಾಲೆಯ ಕಮಿಟಿಯಲ್ಲೂ ಇದ್ದೆ. ಧ್ರುವದಲ್ಲಿ ಎಣ್ಣೆ ಚೆಲ್ಲಿದರೆ ಏನಾಗುತ್ತದೆಂದು ತೋರಿಸಲು ಅವರು ಐಸು, ಎಣ್ಣೆ ಎರಡನ್ನೂ ತರಗತಿಗೇ ತಂದಾಗ ಪೋಷಕರು ಗಲಾಟೆ ಮಾಡಿದರು. ನಿಲ್ಲಿಸದಿದ್ದರೆ ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಅವರ ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ. ಒಪ್ಪಿಸಿ ಬಾ ಎಂದು ನನ್ನನ್ನು ಕಳಿಸಿದರು.

"ಎಣ್ಣೆ ಚೆಲ್ಲಿದ್ರೆ ಒರೆಸ್ತಾರೆ ಮೇಡಂ. ನನ್ನಂಗ್ಡೀಲಿ ದಿನಾ ಚೆಲ್ತದೆ, ನಾರಿನ ಪುಡಿ ಆಕಿ ಉಜ್ಜಿದ್ರೆ ನೆಲ ಕನ್ನಡಿ ಆಯ್ತದೆ. ಇದಕ್ಯಾಕೆ ಕೆಲ್ಸ ಕಳ್ಕತೀರಾ?"

"ಅಂಗಾದ್ರೆ ಐಸ್ ಮ್ಯಾಲೆ ಒರೆಸಿ ತೋರ್ಸಿ ಸಾ. ಒರೆಸಿದ್ರೆ ನಾನೇ ರಾಜೀನಾಮೆ ಬರ್ಕೊಡ್ತೀನಿ. ಆಗ್ಲಿಲ್ವಾ, ಪಾಠ ನಡೀತದೆ, ಐಸಿನ ದುಡ್ಡು ನಿಮ್ದು."

ಇಷ್ಟು ಸಲೀಸಾದ ವ್ಯಾಪಾರ ನನಗೆಂದೂ ಸಿಕ್ಕಿರಲಿಲ್ಲ.

ಮಾರನೆಯ ದಿನ ಶಾಲೆಯ ಕಲ್ಲು ಮೆಟ್ಟಿಲ ಮೇಲೆ, ಮಕ್ಕಳ ಮುಂದೆ, ಮೇಡಂ ಐಸಿನ ಮೇಲೆ ಒಂದು ಲೋಟ ಹಳೇ ಆಯಿಲ್ ಸುರಿದರು. ನಾನು ತೋಳೇರಿಸಿ ತೆಂಗಿನ ನಾರಿನ ಪುಡಿ ಎರಚಿ ಉಜ್ಜಿದೆ. ಮೇಲಿನದು ಬಂತು. ಉಳಿದದ್ದು ಬಿರುಕಿನೊಳಕ್ಕೆ ಇಳಿಯಿತು. ಉಜ್ಜಿದಷ್ಟೂ ಐಸ್ ಕರಗಿ, ನೀರು ಪುಡಿಯನ್ನೂ ಎಣ್ಣೆಯನ್ನೂ ಎಳೆದುಕೊಂಡು ಚರಂಡಿಗೆ ಓಡಿತು. ಆ ಚರಂಡಿ ಹೋಗುವುದು ಕೆರೆಗೆ.

"ಬಿಡಿ ಸಾ, ಇನ್ನೂ ಉಜ್ಜಿದ್ರೆ ಐಸೇ ಇರಾಕಿಲ್ಲ."

ನಾನು ಬಿಡಲಿಲ್ಲ. ಕೊನೆಗೆ ಕೈ ತೆಗೆದು ನೋಡಿದರೆ ಐಸೇ ಇಲ್ಲ. ಕಲ್ಲಿನ ಮೇಲೆ ಎಣ್ಣೆ ಇದೆ. ಜೀವಮಾನವೆಲ್ಲ ಎಣ್ಣೆ ಮಾರಿದವನು ನಾನು!

ಮೇಡಂ ಗೆದ್ದವರಂತೆ ನಗಲಿಲ್ಲ. "ಇಲ್ಲಿ ಬೆಳಕೈತೆ, ನೀವಿದ್ದೀರಿ. ಅಲ್ಲಿ ತಿಂಗ್ಳುಗಟ್ಲೆ ಕತ್ಲೆ. ಯಾರು ಒರೆಸ್ತಾರೆ?"

ಕಮಿಟಿಗೆ ಹೋಗಿ, "ಮೇಡಂನ ತೆಗೆಯೋದಾದ್ರೆ ನನ್ನೂ ತೆಗೀರಿ" ಅಂದೆ. "ಒಪ್ಪಿಸೋಕೆ ಕಳ್ಸಿದ್ರೆ ನೀನೇ ಒಪ್ಕಂಡು ಬಂದ್ಬುಟ್ಯೇನಯ್ಯಾ!" ಎಂದು ಅಧ್ಯಕ್ಷರು ಗದರಿದರು. ಪಾಠ ಮಾತ್ರ ನಿಲ್ಲಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂದು ಮೇಡಂ ತೀರಿಕೊಂಡರು. ನೆಂಟರು ಬರುವ ತನಕ ದೇಹ ಇಡಲು ಹಾಸನದಿಂದ ಫ್ರೀಜರ್ ಪೆಟ್ಟಿಗೆ ತರಿಸಿದ್ದರು. ಗಾಜಿನೊಳಗೆ ಅದೇ ಬಿಳಿಚಿದ ಬೆರಳುಗಳು, ಉಗುರಿನ ಸಂದಿಯಲ್ಲಿ ಅದೇ ಕಪ್ಪು. ತಂದಿದ್ದ ಹಾರ ಕೈಯಲ್ಲೇ ಉಳಿಯಿತು.

ಓದುವವರಿಗೆ ಒಂದು ಮಾತು. ಚೆಲ್ಲಿದರೆ ಒರೆಸುತ್ತೇವೆ ಎಂದು ಯಾರಾದರೂ ವ್ಯಾಪಾರಕ್ಕೆ ಬಂದರೆ, ಬೆಲೆ ಕೇಳುವ ಮೊದಲು ಒಂದು ಐಸ್ ಗಡ್ಡೆ ತರಿಸಿ, ಮೇಲೆ ಎಣ್ಣೆ ಸುರಿದು, ಒರೆಸುವ ಬಟ್ಟೆ ಅವರ ಕೈಗೇ ಕೊಡಿ. ಕೆಳಗೆ ಅಗಲವಾದ ಪಾತ್ರೆ ಇಡುವುದನ್ನು ಮರೆಯಬೇಡಿ. ನಮ್ಮ ಶಾಲೆಯ ಮೆಟ್ಟಿಲಿನ ಕಲೆ ಇನ್ನೂ ಹೋಗಿಲ್ಲ.